ಮಂಗಳನ ಗುಂಡುಕಲ್ಲು

ಆಗ ನನಗೆ ಐವತ್ತೊಂದು ವರ್ಷ. ಇದೆಲ್ಲ ಆಗಿ ಇಪ್ಪತ್ತು ವರ್ಷವಾಯಿತು. ಮಂಗಳ ಗ್ರಹಕ್ಕೆ ಎರಡು ಚಂದ್ರರಿದ್ದಾರೆ. ಅದರಲ್ಲಿ ಒಂದನ್ನು ನಾನು ಹಲಸೂರಿನ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು ಎರಡು ಸಲ ಮಾಡಿದೆ. ಮೊದಲ ಸಲ ತಪ್ಪು ಮಾಡಿದೆ. ಆ ತಪ್ಪಿನಿಂದ ಕೆಟ್ಟದ್ದು ನನ್ನದಲ್ಲ, ಬೇರೆಯವರದು.

ನಮ್ಮದು ಕಲ್ಲು ಕುಟ್ಟುವ ಕಸುಬು. ಜಲ್ಲಿ ಒಡೆಯುವುದಲ್ಲ. ಒರಳು, ಬೀಸುವ ಕಲ್ಲು ಸವೆದು ನುಣುಪಾದರೆ ಅಕ್ಕಿ ಬೇಳೆ ಅರೆಯುವುದಿಲ್ಲ, ಜಾರುತ್ತದೆ. ಅದರ ಮೈಗೆ ಚಾಣ ಹಿಡಿದು, ಸುತ್ತಿಗೆಯಿಂದ ಸಣ್ಣ ಸಣ್ಣ ಕಚ್ಚು ಹಾಕಿ, ಮತ್ತೆ ಒರಟು ಮಾಡಿ ಕೊಡಬೇಕು. ರಾಯಚೂರು ಕಡೆಯಿಂದ ತಂಗಿಯೂ ನಾನೂ ಬಂದು ಕಗ್ಗದಾಸಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆವು. ಅವಳು ಗಾರೆ ಕೆಲಸಕ್ಕೆ ಹೋದಳು. ನಾನು ಶಿವಾಜಿನಗರ, ಹಲಸೂರು, ಇಂದಿರಾನಗರದ ಗಲ್ಲಿಗಳಲ್ಲಿ ಕೂಗುತ್ತ ತಿರುಗಿದೆ. ಮೊದಲ ನಾಲ್ಕೈದು ವರ್ಷ ಕೆಲಸವಿತ್ತು. ಆಮೇಲೆ ಮನೆಮನೆಗೂ ಗ್ರೈಂಡರು ಬಂತು. ಒರಳುಗಳನ್ನು ಎತ್ತಿ ಹಿಂದಿನ ಗಲ್ಲಿಗೆ ಹಾಕಿದರು. ಕೆಲವರು ಅದರಲ್ಲಿ ತುಳಸಿ ನೆಟ್ಟರು. ಇಡೀ ದಿನ ಕೂಗಿದರೆ ಒಂದು ಮನೆ ಸಿಕ್ಕುವುದು ಕಷ್ಟವಾಯಿತು.

ಹಾಗೆ ಸಿಕ್ಕಿದ ಒಂದು ಮನೆ ಅಕ್ಕನದು. ಅವರ ಹೆಸರು ಬೇಡ. ನಾನು ಕರೆಯುತ್ತಿದ್ದದ್ದೂ ಅಕ್ಕ ಎಂದೇ. ಮನೆಮಾತು ತಮಿಳು, ನನ್ನ ಹತ್ತಿರ ಕನ್ನಡ. ಅರವತ್ತು ದಾಟಿತ್ತು, ಮದುವೆ ಇಲ್ಲ, ಮಹಡಿಯ ಮೇಲೆ ಒಬ್ಬರೇ. ವಿಮಾನದ ನಕ್ಷೆಗಳನ್ನು ತೆಳು ಕಾಗದದ ಮೇಲೆ ನಕಲು ತೆಗೆಯುವ ಕೆಲಸವನ್ನು ಮೂವತ್ತು ವರ್ಷ ಮಾಡಿ ನಿವೃತ್ತಿಯಾಗಿದ್ದರು. ಅವರ ಒರಳಿಗೆ ನಾನು ಕಚ್ಚು ಹಾಕಿ ಮುಗಿಸಿದಾಗ ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಸಾಲು ನೇರವಾಗಿದೆ ಎಂದರು. ಕಣ್ಣಿನಿಂದ ನೋಡುವುದನ್ನು ಬಿಟ್ಟು ಕೈಯಿಂದ ಏಕೆ ನೋಡುತ್ತಾರೆ ಎಂದು ಕೇಳಿದೆ. ನನಗೆ ಸುತ್ತಿ ಬಳಸಿ ಕೇಳುವುದು ಬರುವುದಿಲ್ಲ. ಅವರೂ ನೇರವಾಗಿ ಹೇಳಿದರು. ಕಣ್ಣಿನೊಳಗೆ ಒತ್ತಡದ ಕಾಯಿಲೆ. ಎಡಗಣ್ಣು ಹೋಗಿದೆ. ಬಲಗಣ್ಣಿಗೆ ನಡುವೆ ಒಂದು ಬಳೆಯಷ್ಟು ಜಾಗ ಕಾಣುತ್ತದೆ, ಸುತ್ತ ಇಲ್ಲ. ಔಷಧಿ ನಿಲ್ಲಿಸಿದರೆ ಬೇಗ ಹೋಗುತ್ತದೆ, ದಿನಾ ಕಣ್ಣಿಗೆ ಹಾಕಿಕೊಂಡರೆ ನಿಧಾನ ಹೋಗುತ್ತದೆ. ಹೋಗುವುದಂತೂ ಖಂಡಿತ.

ಮನೆಕೆಲಸಕ್ಕೆ ಬರುತ್ತೀಯಾ ಎಂದರು. ಬಂದೆ.

ಮಧ್ಯಾಹ್ನ ಪಾತ್ರೆ ತೊಳೆದು ಬಂದರೆ ಅಕ್ಕ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದರು. ಅವರ ಅಣ್ಣನ ಮಗಳು ತಂದುಕೊಟ್ಟದ್ದು. ಆ ಹುಡುಗಿ ಸಿ.ವಿ. ರಾಮನ್ ನಗರದ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು, ಭಾನುವಾರ ಬರುತ್ತಿದ್ದಳು. ಅದರಲ್ಲಿ ಆಕಾಶಕ್ಕೆ ಹಡಗು ಹಾರಿಸುವ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಳು. ಆಟವೇ ಎಂದು ಕೇಳಿದೆ. ಆಟ ಅಲ್ಲ, ಇದರಲ್ಲಿ ಗೆಲ್ಲುವವರೂ ಇಲ್ಲ, ಕೊಲ್ಲುವವರೂ ಇಲ್ಲ, ನಿಜವಾಗಿ ಹೋದರೆ ಹೇಗೋ ಹಾಗೆ ಅಷ್ಟೆ ಎಂದರು ಅಕ್ಕ. ಅಷ್ಟಕ್ಕೇ ಗಂಟೆಗಟ್ಟಲೆ ಕೂರುವುದು ನನಗೆ ಮೊದಲು ಸೋಮಾರಿತನವಾಗಿ ಕಂಡಿತು. ಆಮೇಲೆ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ನಾನೂ ನಿಂತು ನೋಡತೊಡಗಿದೆ.

ನೋಡಿದರೆ ಎದ್ದು ಬರಲು ಆಗುತ್ತಿರಲಿಲ್ಲ. ಪರದೆಯ ತುಂಬ ಕಪ್ಪು. ಕಪ್ಪಿನಲ್ಲಿ ಕಾದ ಕಾವಲಿಯಂತೆ ಕೆಂಪು ಮಂಗಳ. ಅದರ ಪಕ್ಕದಲ್ಲಿ ಬೂದು ಬಣ್ಣದ ಒಂದು ಚೂರು ತನ್ನಷ್ಟಕ್ಕೆ ತಾನು ಸುತ್ತುತ್ತಿತ್ತು. ಸದ್ದಿಲ್ಲ. ಫ್ಯಾನ್ ತಿರುಗುವ ಸದ್ದು ಮಾತ್ರ, ಅದೂ ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯಿಂದಲೇ ಬರುವ ಹಾಗೆ ಅನಿಸುತ್ತಿತ್ತು. ಅಕ್ಕ ಹೇಳುತ್ತಿದ್ದರು. ಆ ಚಂದ್ರನ ಹೆಸರು ಫೋಬೋಸ್. ಉದ್ದಕ್ಕೆ ಅಳೆದರೆ ಶಿವಾಜಿನಗರ ಬಸ್ ನಿಲ್ದಾಣದಿಂದ ಹೊಸಕೋಟೆಯಷ್ಟು. ಕೆ.ಆರ್. ಪುರಂ ಹತ್ತಿರ ಅರ್ಧ ಮುಗಿದಿರುತ್ತದೆ. ಮಂಗಳನ ಮೇಲೆ ನಿಂತು ನೋಡಿದರೆ ಅದು ಪಡುವಣದಲ್ಲಿ ಹುಟ್ಟಿ ಮೂಡಣದಲ್ಲಿ ಮುಳುಗುತ್ತದೆ. ದಿನಕ್ಕೆ ಮೂರು ಸುತ್ತು ಹೊಡೆಯುತ್ತದೆ. ಅದರ ಮೇಲೆ ನಿಂತವರಿಗೆ ತೂಕವೇ ಇರುವುದಿಲ್ಲ. ಇಲ್ಲಿ ಇಷ್ಟಿರುವ ನೀನು ಅಲ್ಲಿ ಒಂದು ನಿಂಬೆಹಣ್ಣಿನಷ್ಟು ತೂಗುತ್ತೀಯಮ್ಮ ಎಂದರು. ಎದೆಯೆತ್ತರದಿಂದ ಚೊಂಬು ಕೈಬಿಟ್ಟರೆ ನೆಲ ಮುಟ್ಟುವಷ್ಟರಲ್ಲಿ ಇಪ್ಪತ್ತು ಎಣಿಸಬಹುದು.

ಆ ಇಪ್ಪತ್ತು ನನಗೆ ಹಿಡಿಯಿತು. ಸಂಜೆ ಬಸ್ಸಿನಲ್ಲಿ ನಿಂತು ಕಗ್ಗದಾಸಪುರಕ್ಕೆ ಹೋಗುವಾಗ ಎಣಿಸುತ್ತಿದ್ದೆ. ಒಂದು, ಎರಡು, ಮೂರು, ಚೊಂಬು ಇನ್ನೂ ನನ್ನ ಎದೆಯ ಹತ್ತಿರವೇ ಇದೆ, ಉರುಳುತ್ತ ಇದೆ, ನೀರು ಅದರ ಬಾಯಿಯಿಂದ ಹೊರಗೆ ಬಂದು ಒಂದು ಉಂಡೆಯಾಗಿ ಪಕ್ಕದಲ್ಲೇ ಇಳಿಯುತ್ತಿದೆ. ಹಲಸೂರು ಕೆರೆಯ ಪಕ್ಕ ನಡೆದರೆ ನೀರಿಲ್ಲದ ಕೆರೆಯ ಹಾಗೆ, ಬೂದಿ ತುಂಬಿದ ತಗ್ಗಿನ ಹಾಗೆ ಕಾಣುತ್ತಿತ್ತು. ನನ್ನ ಮೊಣಕಾಲು ಆಗಲೇ ನೋಯುತ್ತಿದ್ದವು. ನಿಂಬೆಹಣ್ಣಿನ ತೂಕದ ಹೆಂಗಸಿಗೆ ಮೊಣಕಾಲು ನೋಯುವುದಿಲ್ಲ ಎಂದು ನೆನೆದರೆ ನೋವು ಕಡಿಮೆಯಾಗುತ್ತಿರಲಿಲ್ಲ, ಆದರೂ ನೆನೆಯುತ್ತಿದ್ದೆ.

ಆಕಾಶದಲ್ಲಿ ಅಷ್ಟು ಚಂದ್ರರಿರುವಾಗ ಇದೇ ಏಕೆ ಎಂದು ಒಂದು ದಿನ ಕೇಳಿದೆ.

"ನಂಗೆ ಕುಜದೋಷ ಅಂತ ಮೂರು ಕಡೆಯವ್ರು ಬಿಟ್ಟು ಹೋದ್ರು" ಎಂದರು ಅಕ್ಕ. "ಕುಜ ಅಂದ್ರೆ ಮಂಗಳ ತಾನೆ? ಅವನ ಮನೆ ಹಿತ್ತಲು ಹೇಗಿದೆ ಅಂತ ನೋಡ್ಬಿಟ್ಟು ಬರೋಣ ಅಂತ."

"ಮದಿವಿ ಮಾಡ್ಕೊಂಡಿದ್ರ ಏನ್ ಸಿಗ್ತಿತ್ರಿ? ನಂಗೇನ್ ಸಿಕ್ತು?" ಎಂದೆ.

ಅವರು ನಕ್ಕರು. ಆಮೇಲೆ ನಿಜ ಹೇಳಿದರು. ಮೂವತ್ತು ವರ್ಷ ರೆಕ್ಕೆಯ ಗೆರೆ, ಬಾಲದ ಗೆರೆ ಎಳೆದದ್ದು. ಬಂದ ಗೆರೆಯನ್ನು ಇದ್ದ ಹಾಗೆ ತೆಗೆಯುವುದು, ಪ್ರಶ್ನೆ ಕೇಳುವ ಹಾಗಿಲ್ಲ. ಒಂದು ವಸ್ತುವನ್ನೂ ಸುತ್ತ ತಿರುಗಿ ಪೂರ್ತಿ ನೋಡಿದ್ದಿಲ್ಲ. ಭೂಮಿ ದೊಡ್ಡದು, ನಮ್ಮ ಚಂದ್ರನೂ ದೊಡ್ಡದು, ಉಳಿದಿರುವ ಕಣ್ಣಿಗೆ ಇದೊಂದು ಅಳತೆಗೆ ಸರಿಹೋಗುತ್ತದೆ. ಇದರ ಮೈಮೇಲೆ ಒಂದು ಭಾರಿ ತಗ್ಗು ಇದೆ, ಹಲಸೂರಿನಿಂದ ಕೆ.ಆರ್. ಪುರಂವರೆಗೆ ಅಗಲ. ಅದರ ತಳಕ್ಕೆ ಹಡಗು ಇಳಿಸಿ, ಸುತ್ತ ಎದ್ದ ದಂಡೆಯನ್ನು ತನ್ನ ಕಣ್ಣಿನಿಂದ ನೋಡಬೇಕು. ಕಣ್ಣು ಮುಚ್ಚುವ ಮೊದಲು ಅದೊಂದು ಆಗಬೇಕು.

ಆದರೆ ಆಗುತ್ತಿರಲಿಲ್ಲ. ಆ ಸಾಫ್ಟ್‌ವೇರ್ ಮಾಡಿದವರು ಚಂದ್ರನನ್ನು ಚೆಂಡಿನಂತೆ ಗುಂಡಗೆ ಮಾಡಿ, ಅದಕ್ಕೆ ಫೋಟೊ ಹೊದಿಸಿ ಬಿಟ್ಟಿದ್ದರು. ದೂರದಿಂದ ಚೆನ್ನ. ಹತ್ತಿರ ಹೋದರೆ ತಗ್ಗು ತಗ್ಗಲ್ಲ, ಬರೀ ಬಣ್ಣ. ಹಡಗು ರಂಗೋಲಿಯ ಮೇಲೆ ಕಾಲಿಟ್ಟಂತೆ ನಿಲ್ಲುತ್ತಿತ್ತು. ಎಷ್ಟು ಸಲ ಇಳಿದರೂ ಅಷ್ಟೆ. ಚಪ್ಪಟೆ ನೆಲ, ದಂಡೆ ಇಲ್ಲ. ಅಣ್ಣನ ಮಗಳು ಹೇಳಿದಳು, ಚೆಂಡನ್ನು ತೆಗೆದು ಬೇರೆ ಆಕಾರ ಹಾಕಬಹುದು, ಆದರೆ ಯಾರಾದರೂ ಆಕಾರವನ್ನು ಅಳೆದು ಅಂಕಿ ಕೊಡಬೇಕು, ಒಂದೊಂದು ಜಾಗ ನಡುವಿನಿಂದ ಎಷ್ಟು ದೂರ ಅಂತ. ಅಕ್ಕನ ಕಣ್ಣಿಗೆ ಆ ಕೆಲಸ ಪರದೆಯ ಮೇಲೆ ಸಾಧ್ಯವಿರಲಿಲ್ಲ. ಅವರು ನನ್ನ ಕಡೆ ತಿರುಗಿ, ಜೇಡಿಮಣ್ಣಿನಲ್ಲಿ ಮಾಡಿಕೊಡ್ತೀಯಾ, ಮಾಡಿದರೆ ಅಳೆಯಬಹುದು ಎಂದರು.

ಹುಡುಗಿ ಆಫೀಸಿನಿಂದ ಫೋಟೊಗಳನ್ನು ಕಾಗದಕ್ಕೆ ಇಳಿಸಿ ತಂದಳು. ನಾಲ್ಕು ಕಡೆಯಿಂದ ತೆಗೆದ ನಾಲ್ಕು ಚಿತ್ರ. ಪ್ರತಿ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರ ಇದ್ದವು. ಅಕ್ಷರ ನನಗೆ ಆಗ ಕನ್ನಡದ್ದೂ ಸರಿಯಾಗಿ ಬರುತ್ತಿರಲಿಲ್ಲ. ಬಸ್ಸಿನ ನಂಬರ್ ಓದುವಷ್ಟು ಅಂಕಿ ಬರುತ್ತಿತ್ತು, ಅಷ್ಟೆ. ಕಾಗದದ ಅಂಚು ಬಿಳಿ ಇದ್ದರೆ ಕಣ್ಣಿಗೆ ಅಡ್ಡ ಬರುತ್ತದೆಂದು ಕತ್ತರಿ ತೆಗೆದುಕೊಂಡು ಅಕ್ಷರಗಳ ಸಮೇತ ಕತ್ತರಿಸಿ ಎಸೆದೆ. ಚಿತ್ರ ಮಾತ್ರ ಉಳಿಯಿತು. ಯಾವುದು ಮೇಲೆ ಯಾವುದು ಕೆಳಗೆ ಹೇಳುವವರು ಯಾರೂ ಇರಲಿಲ್ಲ.

ಚಿತ್ರದಲ್ಲಿ ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ಕಪ್ಪು. ನಲವತ್ತು ವರ್ಷ ಕಲ್ಲು ನೋಡಿದ ಕಣ್ಣು ನನ್ನದು. ಕಲ್ಲಿನ ಮೇಲೆ ಬಿಳುಪು ಎಂದರೆ ಹಿಟ್ಟು. ಹಿಟ್ಟು ಯಾವಾಗಲೂ ಇಳಿದು ಕೆಳಗೆ ಕೂರುತ್ತದೆ. ಹಾಗಾಗಿ ಬಿಳಿಯ ಕಡೆ ಕೆಳಗೆ ಬರುವಂತೆ ನಾಲ್ಕನ್ನೂ ಗೋಡೆಗೆ ಅಂಟಿಸಿದೆ. ಅದು ಬಿಸಿಲು ಎಂದು ನನಗೆ ಹೊಳೆಯಲಿಲ್ಲ.

ಅಂಟಿಸಿ ಕೂತು ನೋಡಿದರೆ ಅದರ ಮೈ ತುಂಬ ಉಬ್ಬು. ಬೋರಲು ಹಾಕಿದ ಬಟ್ಟಲುಗಳ ಹಾಗೆ, ಒಂದು ಕಡೆ ಬೋರಲು ಹಾಕಿದ ದೊಡ್ಡ ಬೋಗುಣಿ. ಅಕ್ಕ ತಗ್ಗು ಎಂದಿದ್ದರು. ಆಕಾಶದಿಂದ ಬಂದ ಕಲ್ಲುಗಳು ಬಡಿದ ಗುರುತು ಎಂದಿದ್ದರು. ಪೆಟ್ಟು ಬಿದ್ದರೆ ಕಲ್ಲು ತಗ್ಗಾಗುತ್ತದೆ, ಉಬ್ಬುವುದಿಲ್ಲ. ಇದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ನನ್ನ ಕಸುಬಿಗಿಂತ ಆ ಕಾಗದವನ್ನು ನಂಬಿದೆ. ಓದಿದವರು ಅಷ್ಟು ದೂರ ಯಂತ್ರ ಕಳಿಸಿ ತೆಗೆದ ಚಿತ್ರ, ಅಲ್ಲಿಯ ಕಲ್ಲಿನ ಜಾತಿ ಬೇರೆ ಇರಬಹುದು ಎಂದುಕೊಂಡೆ. ಮಣ್ಣು ಕಲಸಿ, ಆಲೂಗಡ್ಡೆಯ ಆಕಾರ ಮಾಡಿ, ಮೇಲೆ ಒಂದೊಂದೇ ಉಬ್ಬು ಅಂಟಿಸುತ್ತ ಹೋದೆ. ಹತ್ತು ದಿನ ಹಿಡಿಯಿತು.

ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದರು. ದೊಡ್ಡ ಉಬ್ಬಿನ ಮೇಲೆ ಬೆರಳು ನಿಂತಿತು. ಏನೋ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ.

ಆಮೇಲೆ ಅಳತೆ. ಮಣ್ಣಿನ ಚಂದ್ರನನ್ನು ತಿರುಗುವ ಹಿತ್ತಾಳೆ ತಟ್ಟೆಯ ಮೇಲೆ ಕೂರಿಸಿ, ಪಕ್ಕದಲ್ಲಿ ಅವರ ಹಳೆಯ ಸ್ಕೇಲು ನಿಲ್ಲಿಸಿ, ಒಂದು ಸೂಜಿ ತಾಗುವವರೆಗೆ ಸರಿಸುವುದು. ನಾನು ಅಂಕಿ ಹೇಳುವುದು, ಅವರು ಟೈಪ್ ಮಾಡುವುದು. ತಟ್ಟೆಯನ್ನು ಒಂದು ಗೀಟು ತಿರುಗಿಸಿ ಮತ್ತೆ ಅಂಕಿ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಮಣ್ಣಿನ ಮೇಲೆ ಬೀಳುತ್ತಿತ್ತು, ಉಬ್ಬುಗಳ ನೆರಳು ನಿಧಾನ ಉದ್ದವಾಗುತ್ತಿತ್ತು. ಆರೂವರೆ, ಆರೂಮುಕ್ಕಾಲು, ಏಳು ಎಂದು ಹೇಳುತ್ತ ಹೇಳುತ್ತ ನಾನು ಎಲ್ಲಿದ್ದೇನೆ ಎನ್ನುವುದೇ ಮರೆಯುತ್ತಿತ್ತು. ಅಂಕಿ ಹೇಳುವ ದನಿ ಬೇರೆ ಯಾರದೋ, ತಿರುಗುತ್ತಿರುವುದು ತಟ್ಟೆಯಲ್ಲ, ಅದರ ಸುತ್ತ ನಾವೇ. ಕೆಳಗಡೆ ಸೊಪ್ಪು ಮಾರುವವನು ಕೂಗಿದರೆ ಇಬ್ಬರೂ ಬೆಚ್ಚಿ ಬೀಳುತ್ತಿದ್ದೆವು. ಅಕ್ಕ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಐದು ನಿಮಿಷ ತಲೆ ಹಿಂದಕ್ಕೆ ಹಾಕಿ ಕೂರುತ್ತಿದ್ದರು. ಬಳೆಯಷ್ಟು ಇದ್ದದ್ದು ಉಂಗುರದಷ್ಟಾಗಿದೆ ಎಂದು ಒಮ್ಮೆ ಹಾಗೇ ಕೂತು ಹೇಳಿದರು. ಇನ್ನು ಬೇಗ ಎಂದೆ.

ತಂಗಿಗೆ ಇದು ನಗೆಯಾಗಿತ್ತು. "ಗೌಡ್ರ ಮನಿ ಒರಳು ಕುಟ್ಟೋದು ಬಿಟ್ಟು ದೇವ್ರ ಮನಿ ಒರಳಿಗೆ ಹೊಂಟಳ ನಮ್ಮಕ್ಕ" ಎಂದು ಅಕ್ಕಪಕ್ಕದ ಕೋಣೆಯವರ ಹತ್ತಿರ ಹೇಳಿಕೊಂಡು ಬಂದಳು. ಅವರು ನನ್ನನ್ನು ಕಂಡರೆ ಚಂದ್ರವ್ವಾ ಎಂದು ಕರೆಯುತ್ತಿದ್ದರು. ಕರೆದರೆ ಕರೆಯಲಿ.

ಅಂಕಿಗಳೆಲ್ಲ ಮುಗಿದ ಭಾನುವಾರ ಹುಡುಗಿ ಬಂದು ಅವನ್ನು ಸಾಫ್ಟ್‌ವೇರಿಗೆ ಹಾಕಿಕೊಟ್ಟು ಹೋದಳು. ಮರುದಿನದಿಂದ ಅಕ್ಕ ಇಳಿಯತೊಡಗಿದರು. ಹಡಗು ದೊಡ್ಡ ತಗ್ಗಿನ ಜಾಗಕ್ಕೆ ಹೋಗುತ್ತದೆ, ಇನ್ನೂ ಎಷ್ಟೋ ಎತ್ತರ ಇರಬೇಕು ಎನ್ನುವಾಗಲೇ ಏನಕ್ಕೋ ತಾಗಿ ಮಗುಚಿಬೀಳುತ್ತದೆ. ಮಗುಚುವುದೂ ನಿಧಾನ, ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದ ಹಾಗೆ. ಮೂರು ದಿನ ಹಾಗೇ ಆಯಿತು. ಲೆಕ್ಕ ತಪ್ಪಿದೆಯೆಂದು ಅಕ್ಕ ಮತ್ತೆ ಮತ್ತೆ ಅಂಕಿ ಓದಿಸಿದರು. ನಾಲ್ಕನೆಯ ದಿನ ಗೋಡೆಯ ಮೇಲಿನ, ದೊಡ್ಡ ತಗ್ಗಿರುವ ಚಿತ್ರವನ್ನು ಕಿತ್ತು ತಂದು, ಭೂತಕನ್ನಡಿ ಹಿಡಿದು, ಕಣ್ಣಿನ ಆ ಉಂಗುರದೊಳಗೆ ತೂರಿಸಲು ಕಾಗದವನ್ನು ಹೀಗೂ ಹಾಗೂ ತಿರುಗಿಸಿದರು. ತಿರುಗಿಸುತ್ತಿದ್ದ ಕೈ ನಿಂತಿತು.

"ಇಲ್ಲಿ ಬಾಮ್ಮ. ಈಗ ನೋಡು."

ಹೋಗಿ ನೋಡಿದೆ. ಅದೇ ಕಾಗದ. ಬೋರಲು ಬೋಗುಣಿ ಇರಲಿಲ್ಲ. ಅಲ್ಲಿ ಒಂದು ತಗ್ಗು ಇತ್ತು, ಕೈ ಇಟ್ಟರೆ ಒಳಗೆ ಹೋಗುವಂಥದ್ದು. ಸುತ್ತಲಿನ ಬಟ್ಟಲುಗಳೆಲ್ಲ ನೆಟ್ಟಗಾಗಿದ್ದವು. ಕಾಗದವನ್ನು ಅವರು ಮತ್ತೆ ತಿರುಗಿಸಿದರು. ಉಬ್ಬಿದವು. ಮತ್ತೆ ತಿರುಗಿಸಿದರು. ತಗ್ಗಿದವು.

"ತಲೆಕೆಳಗೆ ಅಂಟಿಸಿದ್ದೀಯ. ಬಿಸಿಲು ಮೇಲಿಂದ ಬೀಳೋ ಹಾಗೆ ಹಿಡಿದ್ರೆ ತಗ್ಗು, ಕೆಳಗಿಂದ ಬೀಳೋ ಹಾಗೆ ಹಿಡಿದ್ರೆ ಉಬ್ಬು" ಎಂದರು. ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ನೀವು ಮುಟ್ಟಿ ನೋಡಿದ್ರೆಲ್ರಿ" ಎಂದೆ. "ಉಬ್ಬು ಅದಾವ ಅಂತ ಗೊತ್ತಾಗ್ಲಿಲ್ಲೇನ್ರಿ? ಬಾಯಿಗಿ ಏನಾಗಿತ್ತು?"

"ಗೊತ್ತಾಯ್ತು. ನೀನು ಕಲ್ಲಿನವಳು, ನಿಂಗೆ ಗೊತ್ತಿರುತ್ತೆ ಅಂತ ಸುಮ್ನಾದೆ." ನನ್ನ ಕಡೆ ತಿರುಗಿ, "ನಿಂಗೆ?" ಎಂದರು.

"ನೀವು ಓದಿದವ್ರು ಅಂತ ನಾನೂ ಸುಮ್ನಾದೆ."

ಅವರು ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮಣ್ಣು ಒಣಗಿ ಗಟ್ಟಿಯಾಗಿತ್ತು, ಕೆರೆದರೆ ಪುಡಿಯಾಗುತ್ತಿತ್ತು. ಹುಡುಗಿ ಫೋನಿನಲ್ಲಿ, ಅಂಕಿಗಳನ್ನು ಉಲ್ಟಾ ಮಾಡಿದರೆ ಆಲೂಗಡ್ಡೆಯ ಆಕಾರವೂ ಉಲ್ಟಾ ಆಗಿ ಕೆಡುತ್ತದೆ, ಹೊಸದಾಗಿ ಅಳೆಯುವುದೇ ಸರಿ ಎಂದಳು. ಅವತ್ತೇ ನಾನು ಇಂದಿರಾನಗರದ ಹಿಂದಿನ ಗಲ್ಲಿಗಳಿಗೆ ಹೋದೆ. ಎಸೆದ ಒರಳುಗಳು ಎಲ್ಲೆಲ್ಲಿ ಬಿದ್ದಿವೆ ಎಂದು ನನಗೆ ಗೊತ್ತಿತ್ತು. ಒರಳಿನೊಳಗೆ ತಿರುಗಿಸುವ ಗುಂಡುಕಲ್ಲು ಒಂದನ್ನು ಆರಿಸಿದೆ. ಮೊಟ್ಟೆಯ ಆಕಾರ, ಒಂದು ತುದಿ ಒಡೆದಿತ್ತು. ಅದರ ಮೇಲೆ ಯಾರದೋ ಮನೆಯ ಮೂವತ್ತು ವರ್ಷದ ದೋಸೆ ಹಿಟ್ಟು ತಿರುಗಿತ್ತು. ಸೆರಗಿನಲ್ಲಿ ಕಟ್ಟಿ ಸೊಂಟಕ್ಕೆ ಇಟ್ಟುಕೊಂಡು ಹಲಸೂರಿನ ತನಕ ನಡೆದೆ. ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ.

ಈ ಸಲ ಅಂಟಿಸುವುದಿಲ್ಲ, ತೆಗೆಯುವುದು. ತಗ್ಗು ಮಾಡುವುದು ನನ್ನ ಕಸುಬು. ಚಾಣ ಇಟ್ಟು ಪೆಟ್ಟು ಕೊಟ್ಟೆ. ಒಂದೊಂದು ಪೆಟ್ಟಿಗೂ ಒಂದು ಗುಳಿ, ಗುಳಿಯೊಳಗೆ ಗುಳಿ. ಟಕ್ ಟಕ್ ಎಂದು ಇಡೀ ಮಧ್ಯಾಹ್ನ. ಕೆಳಗಿನ ಮನೆಯವರು ಎರಡು ಸಲ ಬಂದು ಹೋದರು. ಕಲ್ಲಿನ ಪುಡಿ ಎದ್ದು ಕಿಟಕಿಯ ಬಿಸಿಲಿನಲ್ಲಿ ನಿಂತಿರುತ್ತಿತ್ತು, ಕೆಳಗೆ ಬೀಳಲು ಅದಕ್ಕೂ ಇಪ್ಪತ್ತು ಎಣಿಸಬೇಕು. ಪೆಟ್ಟಿನ ಲಯ ಹಿಡಿದರೆ ಕೈಗೆ ಭಾರ ಇರುವುದಿಲ್ಲ. ನಾನೇ ಆ ಕಲ್ಲಿನ ಮೇಲೆ ಕೂತಿದ್ದೇನೆ, ಆಕಾಶದಿಂದ ಬೀಳುತ್ತಿರುವ ಕಲ್ಲುಗಳೂ ನಾನೇ ಎನಿಸುತ್ತಿತ್ತು. ಅಕ್ಕ ಎದುರಿಗೆ ನೆಲದ ಮೇಲೆ ಕೂತು, ಒಂದು ಗುಳಿ ಮುಗಿದ ಕೂಡಲೇ ಬೆರಳು ಇಟ್ಟು ನೋಡುತ್ತಿದ್ದರು. ಈಗ ಬಾಯಿ ಬಿಟ್ಟು ಹೇಳುತ್ತಿದ್ದರು, ಇನ್ನೂ ಆಳ, ಇಲ್ಲಿ ಸಾಕು. ನಾನೂ ಬಾಯಿ ಬಿಟ್ಟು, ಇಲ್ರಿ, ಇಲ್ಲಿ ಇನ್ನಾ ಬೇಕು ಎನ್ನುತ್ತಿದ್ದೆ.

ಕುಟ್ಟಲು ಹದಿಮೂರು ದಿನ, ಅಳೆಯಲು ಎಂಟು ದಿನ. ಗಟ್ಟಿ ಕಲ್ಲು, ಬೇಗ ಆಗುವುದಿಲ್ಲ. ಮೂರು ವಾರ. ಆ ಮೂರು ವಾರ ಅಕ್ಕನ ಕಣ್ಣಿಗೆ ಉಳಿದಿದ್ದರೆ ಎಂದು ಲೆಕ್ಕ ಹಾಕುವುದು ಬೇಡ, ಆದರೆ ಉಳಿಯಬೇಕಿತ್ತು, ಅದನ್ನು ನಾನು ತಿಂದೆ. ಅಳತೆಯ ಕೊನೆಯ ದಿನಗಳಲ್ಲಿ ಅಕ್ಕ ಕಾಫಿ ಲೋಟವನ್ನು ಮೇಜಿನ ಆಚೆ ಇಡತೊಡಗಿದ್ದರು. ಲೋಟ ಕೆಳಗೆ ಬಿದ್ದು ಒಡೆಯಿತು. ನೆಲ ಮುಟ್ಟಲು ಒಂದು ಎಣಿಸುವಷ್ಟೂ ಹೊತ್ತು ಹಿಡಿಯಲಿಲ್ಲ.

ಭಾನುವಾರ ಬೆಳಿಗ್ಗೆ ಹುಡುಗಿ ಬಂದು ಹೊಸ ಅಂಕಿ ಹಾಕಿದಳು. ಪರದೆಯ ಮೇಲೆ ನನ್ನ ಗುಂಡುಕಲ್ಲು ಬಂತು. ಒಡೆದ ತುದಿಯೂ ಹಾಗೇ ಇತ್ತು. ಕಪ್ಪಿನೊಳಗೆ ಅದು ತಿರುಗುವುದನ್ನು ನೋಡಿ ನನಗೆ ಸ್ವಲ್ಪ ಹೊತ್ತು ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಅಕ್ಕ ಕುರ್ಚಿ ಎಳೆದುಕೊಂಡು ಕೂತರು. ಮುಖವನ್ನು ಪರದೆಯ ಹತ್ತಿರ ಒಯ್ದರು, ಇನ್ನೂ ಹತ್ತಿರ, ಮೂಗು ತಾಗುವಷ್ಟು. ಆ ಕಡೆ ಈ ಕಡೆ ತಲೆ ಆಡಿಸಿದರು.

"ಹಡಗು ಎಲ್ಲಿ?" ಎಂದರು.

ಹಡಗು ಪರದೆಯ ನಡುವೆಯೇ ಇತ್ತು. ಹುಡುಗಿ ನನ್ನ ಮುಖ ನೋಡಿದಳು. ನಾನೇ ಇಳಿಸಿ ಕೊಡ್ತೀನಿ ಅತ್ತೆ ಎಂದಳು. ಬೇಡ ಎಂದರು ಅಕ್ಕ. ನನಗೆ ಪಕ್ಕದಲ್ಲಿ ಕೂರಲು ಹೇಳಿದರು. ಗುಂಡುಕಲ್ಲನ್ನು ತರಿಸಿ ಮಡಿಲಲ್ಲಿಟ್ಟುಕೊಂಡರು. ಎಡಗೈಯ ಬೆರಳು ಕಲ್ಲಿನ ದೊಡ್ಡ ತಗ್ಗಿನಲ್ಲಿ, ಬಲಗೈ ಕೀಲಿಗಳ ಮೇಲೆ. ಎತ್ತರದ ಅಂಕಿ ಹೇಳು, ಬೇರೆ ಏನೂ ಹೇಳಬೇಡ ಎಂದರು.

ಹೇಳಿದೆ. ಒಂಬೈನೂರು. ಎಂಟುನೂರ ಹತ್ತು. ಅಂಕಿ ಇಳಿಯುವುದು ಅಷ್ಟು ನಿಧಾನ, ನಡುವೆ ಉಸಿರು ಬಿಟ್ಟು ಎಳೆದುಕೊಳ್ಳಬಹುದಿತ್ತು. ಅಕ್ಕ ಒಂದು ಕೀಲಿ ತಾಗಿಸುತ್ತಾರೆ, ಬಿಡುತ್ತಾರೆ. ಬೆರಳು ತಗ್ಗಿನ ಅಂಚಿನಿಂದ ಒಳಗೆ ಒಂದು ಎಳ್ಳಿನಷ್ಟು ಜಾರುತ್ತದೆ. ಮುನ್ನೂರು. ಬೂದು ದಂಡೆ ಪರದೆಯ ಎರಡೂ ಕಡೆಯಿಂದ ಏಳತೊಡಗಿತು. ಅದನ್ನು ನಾನು ನೋಡಿದೆ. ಹೇಳಬೇಡ ಎಂದಿದ್ದರು, ಹೇಳಲಿಲ್ಲ. ನಲವತ್ತು. ಹನ್ನೆರಡು. ಮೂರು. ಎಷ್ಟೋ ಹೊತ್ತು ಮೂರೇ ಇತ್ತು.

"ಸೊನ್ನಿ" ಎಂದೆ.

"ಮಗುಚ್ತಾ?"

"ಇಲ್ರಿ. ನಿಂತದ."

"ನೆಲದೊಳಗೆ ಮುಳುಗಿಲ್ಲ ತಾನೆ?"

"ಇಲ್ರಿ. ನಾಕೂ ಕಾಲು ಕಾಣಕತ್ತಾವ."

ಈಗ ಹೇಳು ಎಂದರು. ಹೇಳಿದೆ. ಸುತ್ತ ದಂಡೆ, ಕೋಟೆ ಗೋಡೆಯಷ್ಟು ಎತ್ತರ. ಒಂದು ಕಡೆ ಬಿಸಿಲು, ಒಂದು ಕಡೆ ನೆರಳು. ದಂಡೆಯ ಮೇಲೆ ಮಂಗಳ, ಅರ್ಧ ಮಾತ್ರ ಕಾಣುತ್ತದೆ, ಕೆಂಪು. ನೆಲದ ಮೇಲೆ ನನ್ನ ಚಾಣದ ಗುರುತು ಅಲ್ಲಲ್ಲಿ ಹಾಗೇ ಇದೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರಲಿಲ್ಲ. ಹುಡುಗಿ ಅಡುಗೆಮನೆಗೆ ಹೋಗಿ ಅತ್ತಳು, ಸದ್ದು ಕೇಳಿಸಿತು.

ಅಕ್ಕ ಅಳಲಿಲ್ಲ. ಪರದೆಯ ಕಡೆಗೇ ಮುಖ ಮಾಡಿದ್ದರು.

"ನೋಡ್ಬೇಕು ಅಂತಿದ್ದೆ" ಎಂದರು. "ಆಗ್ಲಿಲ್ಲ."

"ಆಗ್ಲಿಲ್ರಿ. ನನ್ನಿಂದ ಆಗ್ಲಿಲ್ಲ."

ಅವರು ಕಲ್ಲಿನ ತಗ್ಗಿನೊಳಗೆ ಬೆರಳನ್ನು ಒಂದು ಸುತ್ತು ತಿರುಗಿಸಿ, ದಂಡೆ ಪೂರ್ವದ ಕಡೆ ಸ್ವಲ್ಪ ತಗ್ಗಾಗಿದೆ, ಅಲ್ಲಿಂದ ನಡೆದು ಹತ್ತಬಹುದು ಎಂದರು. ಮತ್ತೆ, ಕಂಪ್ಯೂಟರ್ ಆರಿಸಬೇಡ, ಹಡಗು ಅಲ್ಲೇ ಇರಲಿ ಎಂದರು. ಸಂಜೆ ನಾನು ಹೊರಡುವಾಗ ನನ್ನನ್ನು ಕಳಿಸಲು ಬಾಗಿಲಿನವರೆಗೆ ಬಂದವರು ಹೊಸ್ತಿಲ ಆಚೆ ಮೆಟ್ಟಿಲಿಗೆ ಕಾಲು ಇಡಲು ಹೋಗಿ ಹಿಂದಕ್ಕೆ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಒಂದು ಗಂಟೆ ಮುಂಚೆ ಹೋದೆ. ಮಹಡಿಗೆ ಹತ್ತುವ ಕಲ್ಲಿನ ಮೆಟ್ಟಿಲು ಹನ್ನೊಂದು, ಎಲ್ಲ ಕಾಲು ತಾಗಿ ತಾಗಿ ಸವೆದು ಗಾಜಿನಂತೆ ನುಣುಪಾಗಿದ್ದವು. ಕೆಳಗಿನ ಮನೆಯವರು ಬಂದು ನಿಂತು ಬೈಯುತ್ತಿರುವಾಗಲೇ, ಒಂದೊಂದರ ಅಂಚಿಗೂ ಮೂರು ಸಾಲು ಕಚ್ಚು ಹಾಕುತ್ತ ಮೇಲಿನ ತನಕ ಹೋದೆ.